ಸತ್ತ ರಾಜನ ಮಾತು ಯಾರ ಕಾನೂನು?

1/9

ಮೊದಲೇ ಹೇಳ್ಬಿಡ್ತೀನಿ, ಈ ಸರಣಿ ತುಂಬಾ ಸ್ಪಾಯ್ಲರ್. ‘ಹೌಸ್ ಆಫ್ ದ ಡ್ರ್ಯಾಗನ್’ ಇನ್ನೂ ನೋಡ್ತಾ ಇರೋರು, ‘ಫೈರ್ ಅಂಡ್ ಬ್ಲಡ್’ ಓದ್ಬೇಕು ಅಂತ ಪುಸ್ತಕ ತಂದಿಟ್ಟುಕೊಂಡಿರೋರು ಸೇವ್ ಮಾಡ್ಕೊಂಡು ಆಮೇಲೆ ಬನ್ನಿ. ಬೇಜಾರಿಲ್ಲ.

ನಮ್ಮ ಕ್ಲಾಸ್ ಗ್ರೂಪಲ್ಲಿ ಒಂದು ಜಗಳ ಮುಗಿಯೋದೇ ಇಲ್ಲ. ಟೀಮ್ ಬ್ಲ್ಯಾಕಾ, ಟೀಮ್ ಗ್ರೀನಾ? ರೆನೀರಾ ಸರಿಯೋ, ಏಗಾನ್ ಸರಿಯೋ? ಹುಡುಗೀರೆಲ್ಲ ಬ್ಲ್ಯಾಕ್, ಹುಡುಗ್ರು ಗ್ರೀನ್ ಅಂತ ಬೇರೆ ಒಬ್ಬ ಪೋಲ್ ಹಾಕಿದ್ದ. (ತಪ್ಪು ಲೆಕ್ಕ ಕಣೋ, ಲಾಸ್ಟ್ ಬೆಂಚ್ ಪೂರ್ತಿ ಡೇಮನ್ ಫ್ಯಾನ್ಸ್.) ನನ್ನ ಉತ್ತರ ಒಂದು ಕಾಮೆಂಟಲ್ಲಿ ಹಿಡಿಸಲ್ಲ, ಅದಕ್ಕೇ ಈ ಸರಣಿ.

ಗೊತ್ತಿಲ್ಲದೋರಿಗೆ ನಾಲ್ಕು ಸಾಲು. ವೆಸ್ಟರೋಸ್ ಅನ್ನೋದು ಜಾರ್ಜ್ ಆರ್. ಆರ್. ಮಾರ್ಟಿನ್ ಕಟ್ಟಿದ ಕಲ್ಪನೆಯ ದೇಶ. ಮೊದಲನೇ ಏಗಾನ್ ಟಾರ್ಗೇರಿಯನ್ ಡ್ರ್ಯಾಗನ್ ಹತ್ತಿ ಬಂದು ಗೆದ್ದ, ಕಬ್ಬಿಣದ ಸಿಂಹಾಸನ ಮಾಡಿಸ್ದ. ಆ ಗೆಲುವಿನಿಂದಲೇ ಅಲ್ಲಿ ವರ್ಷ ಎಣಿಸ್ತಾರೆ. ಸುಮಾರು 130 ವರ್ಷ ಆದ್ಮೇಲೆ ಅದೇ ಮನೆಯ ಅಕ್ಕ ರೆನೀರಾ, ಮಲತಾಯಿಯ ಮಗ ಎರಡನೇ ಏಗಾನ್ ಸಿಂಹಾಸನಕ್ಕೆ ಕಿತ್ತಾಡಿ ಇಡೀ ದೇಶ ಸುಟ್ಟರು. ಅಪ್ಪ ವಿಸೇರಿಸ್ ಬದುಕಿದ್ದಾಗ ಮಗಳನ್ನೇ ಉತ್ತರಾಧಿಕಾರಿ ಅಂತ ಹೆಸರಿಸಿದ್ದ. ಅವನು ಸತ್ತ ಮೇಲೆ ರಾಣಿ ಅಲಿಸೆಂಟ್ ಕಡೆಯೋರು ಮಗನಿಗೆ ಪಟ್ಟ ಕಟ್ಟಿದರು. ನಾನು ಇಲ್ಲಿ ಕೊಡೋ ವರ್ಷಗಳು ಪುಸ್ತಕದ ಲೆಕ್ಕ. ಸೀರಿಯಲ್‌ನವರು ಕೆಲವನ್ನ ಆಚೀಚೆ ಮಾಡಿದ್ದಾರೆ.

ರೆನೀರಾಗೆ ಮೋಸ ಆಯ್ತಾ? ಹೌದು. ಆದ್ರೆ ಮೋಸ ಮಾಡಿದ ಮೊದಲನೇ ವ್ಯಕ್ತಿ ಅಲಿಸೆಂಟ್ ಅಲ್ಲ, ಓಟೋ ಹೈಟವರೂ ಅಲ್ಲ. ಪ್ರೀತಿಯ ಅಪ್ಪ.

2/9

ಎಲ್ಲರೂ ಜಗಳಕ್ಕೆ ಮೊದಲು ಕೇಳೋ ಪ್ರಶ್ನೆ “ನಿಯಮ ಏನು ಹೇಳುತ್ತೆ?” ಅಂತ. ಮಜಾ ಏನಂದ್ರೆ ಕಬ್ಬಿಣದ ಸಿಂಹಾಸನಕ್ಕೆ ನಿಯಮವೇ ಇಲ್ಲ.

ಅಲ್ಲಿನ ಸಾಮಾನ್ಯ ಜಮೀನ್ದಾರರ ಮನೆಗಳಲ್ಲಿ ಒಂದು ಪದ್ಧತಿ ಇದೆ. ದೊಡ್ಡ ಮಗನಿಗೆ ಮೊದಲು, ಗಂಡು ಮಕ್ಕಳಿಲ್ಲದಿದ್ರೆ ಮಗಳಿಗೆ, ಆಮೇಲೆ ತಮ್ಮಂದಿರಿಗೆ. ಅಂದ್ರೆ ಚಿಕ್ಕಪ್ಪನಿಗಿಂತ ಮಗಳು ಮುಂದೆ. 52ನೇ ವರ್ಷದಲ್ಲಿ ರಾಜ ಜೇಹೇರಿಸ್ ವಿಧವೆಯರನ್ನ ಕಾಪಾಡೋ ಕಾನೂನು ತಂದಾಗ ಇದನ್ನೇ ಮತ್ತೆ ಗಟ್ಟಿ ಮಾಡ್ದ. ಗಂಡು ಮಕ್ಕಳಿಲ್ಲದ ಕಡೆ ದೊಡ್ಡ ಮಗಳಿಗೇ ಹಕ್ಕು ಅಂತ. ಒಳ್ಳೇ ರಾಜ, ಬುದ್ಧಿವಂತ, ಅವನ ಬಗ್ಗೆ ಎಲ್ಲರಿಗೂ ಗೌರವ.

ಅದೇ ಜೇಹೇರಿಸ್ 92ನೇ ವರ್ಷದಲ್ಲಿ ಏನು ಮಾಡ್ದ? ಅವನ ದೊಡ್ಡ ಮಗ ಏಮನ್ ಸತ್ತ. ಏಮನ್‌ಗೆ ಒಬ್ಬಳೇ ಮಗಳು, ರೆನಿಸ್. ತಾನೇ ಮಾಡಿದ ಕಾನೂನಿನ ಲೆಕ್ಕ ಹಿಡಿದ್ರೆ ಅವಳೇ ಮುಂದಿನವಳು. ತಾತ ಅವಳನ್ನ ಬಿಟ್ಟು ಎರಡನೇ ಮಗ ಬೇಲನ್‌ನ ಹೆಸರು ಹೇಳ್ದ. ರಾಣಿ ಅಲಿಸಾನ್ ಸಿಟ್ಟಾಗಿ ಗಂಡನ ಜೊತೆ ಮಾತು ಬಿಟ್ಟು ಬೇರೆ ಹೋದ್ಳು. ಅಜ್ಜಿಗೆ ನನ್ನ ನಮಸ್ಕಾರ.

ಊರಿಗೊಂದು ಕಾನೂನು, ತನ್ನ ಮನೆಗೆ ಇನ್ನೊಂದು. ಯಾಕೆ ಹೀಗೆ ಅಂತ ಹಿಂದೆ ಹೋದ್ರೆ ಇನ್ನೊಂದು ಕಥೆ ಸಿಗುತ್ತೆ. ಜೇಹೇರಿಸ್‌ಗೆ ಪಟ್ಟ ಸಿಕ್ಕಿದ್ದು 48ನೇ ವರ್ಷ, 14ರ ವಯಸ್ಸಿಗೆ. ಅವನ ಸತ್ತ ಅಣ್ಣನಿಗೆ ಅವಳಿ ಹೆಣ್ಣು ಮಕ್ಕಳಿದ್ದರು. ಜಮೀನ್ದಾರರ ಪದ್ಧತಿ ಪ್ರಕಾರ ಅವರಲ್ಲಿ ದೊಡ್ಡವಳು ಏರಿಯಾಗೇ ಸಿಂಹಾಸನ ಹೋಗಬೇಕಿತ್ತು. ಅವಳು ಪುಟ್ಟ ಮಗು, ದೇಶಕ್ಕೆ ಆಗ ಬೇಕಾಗಿದ್ದು ಕ್ರೂರಿ ಮೇಗಾರ್‌ನ ಎದುರು ನಿಲ್ಲೋ ಹುಡುಗ. ಅರ್ಥ ಆಗುತ್ತೆ. ಆದ್ರೆ ಒಂದು ಹೆಣ್ಣುಮಗುವಿನ ಹಕ್ಕು ದಾಟಿ ಬಂದು ಕೂತವನು, ಮಗಳಿಗೂ ಹಕ್ಕಿದೆ ಅಂತ ಸಿಂಹಾಸನದ ಮೇಲೆ ಬರೆದಿಡ್ತಾನಾ? ಬರೆದ್ರೆ ತನ್ನ ಕುರ್ಚಿ ಕೆಳಗೇ ತಾನು ಗುಂಡಿ ತೋಡಿದ ಹಾಗೆ.

ಮೇಗಾರ್ ಕಥೆ ಇನ್ನೂ ಸಣ್ಣದು. 42ರಲ್ಲಿ ಅಣ್ಣ ಸತ್ತಾಗ ಅಣ್ಣನ ಮಕ್ಕಳನ್ನ ಪಕ್ಕಕ್ಕಿಟ್ಟು ಕಿರೀಟ ಹಾಕ್ಕೊಂಡ. ಕಾನೂನು ಪ್ರಕಾರ ಅದು ದೊಡ್ಡ ಹುಡುಗನಿಗೆ ಸೇರ್ಬೇಕು ಅಂತ ಆಸ್ಥಾನದ ಪಂಡಿತ ಗಾವೆನ್ ಬಾಯಿ ಬಿಟ್ಟ. ಅಲ್ಲೇ ತಲೆ ಹೋಯ್ತು.

3/9

ಈಗ 101ನೇ ವರ್ಷ. ಬೇಲನ್ ಕೂಡ ಸತ್ತ. ಮುದುಕ ಜೇಹೇರಿಸ್‌ಗೆ ಇನ್ನು ತೀರ್ಮಾನ ಮಾಡೋ ಧೈರ್ಯ ಇಲ್ಲ. ದೇಶದ ಎಲ್ಲಾ ಜಮೀನ್ದಾರರನ್ನ ಹ್ಯಾರನ್‌ಹಾಲ್ ಕೋಟೆಗೆ ಕರೆಸಿ ಮಹಾಸಭೆ ಮಾಡ್ದ. 14 ಅರ್ಜಿ ಬಂದವು. ಕೊನೆಗೆ ಉಳಿದಿದ್ದು ಎರಡು ಕಡೆ. ಒಂದು ಬೇಲನ್‌ನ ಮಗ ವಿಸೇರಿಸ್. ಇನ್ನೊಂದು ರೆನಿಸ್ ಕಡೆ. ಸೀರಿಯಲ್‌ನಲ್ಲಿ ಅವಳೇ ನಿಲ್ತಾಳೆ, ಪುಸ್ತಕದಲ್ಲಿ ಅವಳ ಪುಟ್ಟ ಮಗ ಲೇನಾರ್‌ನ ಹೆಸರಲ್ಲಿ ಕೇಳ್ತಾರೆ. ವಿಸೇರಿಸ್ ಭಾರಿ ಬಹುಮತದಲ್ಲಿ ಗೆದ್ದ.

ಕಾಮರ್ಸ್‌ನವರಿಗೆ ಒಂದೇ ಮಾತಲ್ಲಿ ಹೇಳೋದಾದ್ರೆ ಇದೊಂದು ಇಜಿಎಂ. ತುರ್ತಾಗಿ ಕರೆದ ಷೇರುದಾರರ ಸಭೆ. ನಮಗೆ ಕಂಪನಿ ಲಾ ಹೇಳ್ಕೊಡೋದು ಏನು? ಈ ಸಲ ಡೈರೆಕ್ಟರ್ ಯಾರು ಅಂತ ಆರಿಸೋದು ಬೇರೆ, ಡೈರೆಕ್ಟರ್ ಆಗೋಕೆ ಯಾರು ಅರ್ಹರು ಅಂತ ಆರ್ಟಿಕಲ್ಸ್ ತಿದ್ದೋದು ಬೇರೆ. ಎರಡನೇದಕ್ಕೆ ವಿಶೇಷ ನಿರ್ಣಯ ಬೇಕು, ಬಿದ್ದ ಮತದಲ್ಲಿ ಮುಕ್ಕಾಲು ಪಾಲು ಪರ ಇರ್ಬೇಕು, ಅದು ಕಾಗದದ ಮೇಲೆ ಬರ್ಬೇಕು. ಹ್ಯಾರನ್‌ಹಾಲ್‌ನಲ್ಲಿ ಆಗಿದ್ದು ಮೊದಲನೇದು ಮಾತ್ರ. “ವಿಸೇರಿಸ್ ರಾಜ ಆಗ್ಲಿ.” ಅಷ್ಟೇ. “ಇನ್ನು ಮುಂದೆ ಹೆಣ್ಣಿಗೂ ಇಲ್ಲ, ಹೆಣ್ಣಿನ ಮೂಲಕ ಬಂದ ಗಂಡಿಗೂ ಇಲ್ಲ” ಅನ್ನೋ ಅರ್ಥವನ್ನ ಆಮೇಲೆ ಜನ ತಾವೇ ಎಳ್ಕೊಂಡ್ರು. ಬಹಳ ಜನರ ಕಣ್ಣಲ್ಲಿ ಅದೇ ಉಕ್ಕಿನಂಥ ಪೂರ್ವನಿದರ್ಶನ ಆಗ್ಹೋಯ್ತು.

ಟೀಮ್ ಗ್ರೀನ್‌ನವರ ಇಡೀ ವಾದ ನಿಂತಿರೋದು ಈ ನಿಮಿಟ್ಸ್ ಇಲ್ಲದ ಮೀಟಿಂಗ್ ಮೇಲೆ.

4/9

ಆದ್ರೂ ಗ್ರೀನ್‌ನವರದ್ದು ಪೂರ್ತಿ ಸುಳ್ಳು ವಾದ ಅಂತ ನಾನು ಹೇಳಲ್ಲ. ಯಾಕಂದ್ರೆ ವಿಸೇರಿಸ್ ಸಿಂಹಾಸನದ ಮೇಲೆ ಕೂತಿದ್ದೇ ಆ ಸಭೆಯ ಬಲದಿಂದ. “ರೆನಿಸ್ ಹೆಣ್ಣು, ಬೇಡ” ಅಂತ ಜನ ಅಂದಿದ್ದಕ್ಕೇ ಅವನು ರಾಜ. ಅಂಥವನು 105ನೇ ವರ್ಷದಲ್ಲಿ ತಿರುಗಿ “ನನ್ನ ನಂತರ ನನ್ನ ಮಗಳು” ಅಂದ. ಯಾವ ಏಣಿ ಹತ್ತಿ ಬಂದನೋ ಅದನ್ನೇ ಒದ್ದ. ಒದೀಬೇಕಿತ್ತು, ಆ ಏಣಿ ಕೊಳೆತಿತ್ತು, ಒಪ್ತೀನಿ. ಆದ್ರೆ ಒದ್ದ ಮೇಲೆ ಇನ್ನೊಂದು ಮೆಟ್ಟಿಲು ಕಟ್ಟಬೇಕಲ್ವಾ?

ಅವನು ಮಾಡಿದ್ದು ಇಷ್ಟು. ಜಮೀನ್ದಾರರನ್ನ ಕರೆಸ್ದ, ರೆನೀರಾ ಮುಂದೆ ಮೊಣಕಾಲೂರಿ ಆಣೆ ಮಾಡಿಸ್ದ. ಚೆನ್ನಾಗಿತ್ತು ಆ ಸೀನ್, ಒಪ್ತೀನಿ. ಮರುವರ್ಷವೇ ಅಲಿಸೆಂಟ್‌ನ ಮದುವೆ ಆದ. 107ರಲ್ಲಿ ಗಂಡು ಮಗು ಹುಟ್ತು. ಆಮೇಲೂ ಇನ್ನಿಬ್ಬರು ಗಂಡು ಮಕ್ಕಳು. ಈಗ ಪರಿಸ್ಥಿತಿಯೇ ಬೇರೆ. ಮೊದಲು ಆಣೆ ಮಾಡಿದಾಗ ಪೈಪೋಟಿ ಇದ್ದದ್ದು ಮಗಳಿಗೂ ತಮ್ಮ ಡೇಮನ್‌ಗೂ. ಡೇಮನ್ ಅಂದ್ರೆ ಆಸ್ಥಾನಕ್ಕೆ ಹೆದರಿಕೆ. ಅವನನ್ನ ತಡೆಯೋಕೆ ರೆನೀರಾ ಹೆಸರನ್ನ ಮುಂದೆ ಇಟ್ಟವನೇ ಓಟೋ! ಮಗಳ ಹೊಟ್ಟೇಲಿ ಮೊಮ್ಮಗ ಹುಟ್ಟಿದ ಮೇಲೆ ಅದೇ ಓಟೋಗೆ ಹೆಣ್ಣು ರಾಜ್ಯ ಆಳೋದು ಸರಿ ಕಾಣಲಿಲ್ಲ. ಗಂಡು ಮಗ ಇಲ್ಲದಾಗ ಮಾಡಿದ ಆಣೆ, ಮೂರು ಗಂಡು ಮಕ್ಕಳಾದ ಮೇಲೂ ನಿಲ್ಲುತ್ತಾ? ಈ ಪ್ರಶ್ನೆ ಆ ದೇಶದ ಪ್ರತಿ ಮನೆಯಲ್ಲೂ ಎದ್ದಿರುತ್ತೆ. ಉತ್ತರ ಕೊಡಬೇಕಾದವನು ಒಬ್ಬನೇ.

129ರಲ್ಲಿ ಅವನು ಸತ್ತ. 24 ವರ್ಷ ಟೈಮ್ ಇತ್ತು. ಇನ್ನೊಂದು ಮಹಾಸಭೆ ಕರೀಲಿಲ್ಲ. ಹುಟ್ಟಿದ ಹುಡುಗರ ಎದುರಲ್ಲೇ ಆಣೆಯನ್ನ ಹೊಸದಾಗಿ ಮಾಡಿಸಲಿಲ್ಲ. ಮೊದಲು ಆಣೆ ಮಾಡಿದ ಮುದುಕರು ಒಬ್ಬೊಬ್ಬರೇ ಸತ್ರು, ಅವರ ಮಕ್ಕಳು “ಆಣೆ ನಮ್ಮಪ್ಪನದು, ನನ್ನದಲ್ಲ” ಅಂದ್ರು. ಬೊರೋಸ್ ಬರಾಥಿಯನ್ ಹತ್ರ ರೆನೀರಾ ಮಗ ಲೂಸೆರಿಸ್ ಹೋದಾಗ ಆಗಿದ್ದು ಇದೇ, ಆ ಹುಡುಗ ವಾಪಸ್ ಬರಲಿಲ್ಲ.

ಕೆಲವರು ಹೇಳ್ತಾರೆ, ರಾಜನ ಮಾತೇ ಕಾನೂನು ಅಲ್ವಾ, ಇನ್ನೇನು ಬರೀಬೇಕು ಅಂತ. ಸರಿ. ರಾಜನ ಮಾತೇ ಕಾನೂನು ಅಂದ್ರೆ, ರಾಜ ಸತ್ತ ಮರುನಿಮಿಷ ಮುಂದಿನ ರಾಜನ ಮಾತು ಕಾನೂನು. ಹಾಗಾದ್ರೆ ಮುಂದಿನ ರಾಜ ಯಾರು ಅನ್ನೋದನ್ನ ಸತ್ತವನ ಮಾತು ಹೇಗೆ ತೀರ್ಮಾನ ಮಾಡುತ್ತೆ? ಈ ಒಂದು ವಿಷಯಕ್ಕಾದ್ರೂ ರಾಜನಿಗಿಂತ ಮೇಲೆ ಏನಾದ್ರೂ ಇರಬೇಕು. ಅಂಥದ್ದು ಅಂತ ವೆಸ್ಟರೋಸ್‌ನಲ್ಲಿ ಇದ್ದದ್ದು ಮಹಾಸಭೆ ಒಂದೇ. ಅದರಿಂದಲೇ ರಾಜ ಆದವನಿಗೆ ಅದು ನೆನಪಾಗಲಿಲ್ಲ. ನೆನಪಾಗಿರುತ್ತೆ. ಅಲ್ಲಿ ಮತ ಹಾಕಿದ್ರೆ ಮಗಳು ಸೋಲ್ತಾಳೆ ಅಂತ ಗೊತ್ತಿತ್ತು, ಅದಕ್ಕೇ ಕರೀಲಿಲ್ಲ. ಗೆಲ್ಲೋಕಾಗದ ಜಗಳವನ್ನ ತಾನು ಆಡದೆ ಮಗಳ ತಲೆಗೆ ಕಟ್ಟಿ ಕಣ್ಣು ಮುಚ್ಚಿದ.

5/9

ಇದು ನನಗೆ ತುಂಬ ಕಾಡಿದ ಭಾಗ, ಅದಕ್ಕೇ ಒಂದು ಪೂರ್ತಿ ಪೋಸ್ಟ್.

ಯಾವುದಾದ್ರೂ ಹಳೇ ಅಂಗಡಿ ನೆನಪು ಮಾಡ್ಕೊಳ್ಳಿ. ಬಟ್ಟೆ ಅಂಗಡಿನೋ, ಪಾತ್ರೆ ಅಂಗಡಿನೋ. ಯಜಮಾನರು ಬಂದೋರಿಗೆಲ್ಲ ಹೇಳ್ತಾರೆ, “ನನ್ನ ನಂತರ ಎಲ್ಲಾ ನನ್ನ ಮಗಳೇ ನೋಡ್ಕೊಳ್ಳೋದು.” ಮಗಳು ಓದಿದ್ದಾಳೆ, ಜಾಣೆ. ಆದ್ರೆ ಗಲ್ಲಾದಲ್ಲಿ ಕೂರೋದು ಯಾರು? ಭಾಮೈದ. ಬ್ಯಾಂಕಿಗೆ ಹೋಗೋದು ಭಾಮೈದ. ಸಪ್ಲೈಯರ್‌ಗಳ ನಂಬರ್ ಇರೋದು ಅವನ ಫೋನಲ್ಲಿ. ಯಜಮಾನರು ಹೋದ ದಿನ ಸೂರತ್‌ನಿಂದ ಮಾಲು ಕಳಿಸೋನು ಯಾರಿಗೆ ಫೋನ್ ಮಾಡ್ತಾನೆ ಹೇಳಿ? ಮಗಳಿಗಾ?

ವಿಸೇರಿಸ್ ಮಗಳನ್ನ ಸಭೆಯಲ್ಲಿ ಇಟ್ಟುಕೊಂಡಿದ್ದ. ಹೂಂ, ಹೂಜಿ ಹಿಡ್ಕೊಂಡು ಮಂತ್ರಿಗಳಿಗೆ ದ್ರಾಕ್ಷಾರಸ ಬಡಿಸೋಕೆ. ಉತ್ತರಾಧಿಕಾರಿ ಅಂತ ಘೋಷಿಸಿದ ಮೇಲೂ ಆಡಳಿತದ ಕೀಲಿಕೈ ಅವಳಿಗೆ ಬರಲಿಲ್ಲ. ಕೊನೆಕೊನೆಗೆ ಅವಳು ಗಂಡ ಮಕ್ಕಳ ಜೊತೆ ಡ್ರ್ಯಾಗನ್‌ಸ್ಟೋನ್ ದ್ವೀಪದಲ್ಲಿ. ರಾಜಧಾನಿಯಲ್ಲಿ ಹಾಸಿಗೆ ಹಿಡಿದ ಅಪ್ಪ, ಮಲತಾಯಿ, ಮಲತಾಯಿಯ ಅಪ್ಪ. ಮಹಾಮಂತ್ರಿ ಓಟೋನೇ. ಕಾವಲುಪಡೆ, ಪಂಡಿತರು, ಕಾಗದ ಹೊತ್ತು ಹಾರೋ ಕಾಗೆಗಳು ಸಮೇತ ಎಲ್ಲಾ ಅವರ ಕೈಲಿ. ಅಪ್ಪ ಸತ್ತ ಸುದ್ದಿಯನ್ನ ಪುಸ್ತಕದಲ್ಲಿ ದಿನಗಟ್ಟಲೆ ಮುಚ್ಚಿಡ್ತಾರೆ, ಹೆಣ ಕೋಣೆಯಲ್ಲೇ ಕೊಳೀತಾ ಇರುತ್ತೆ. ಅಷ್ಟರಲ್ಲಿ ಏಗಾನ್‌ಗೆ ಪಟ್ಟ. ತುಂಬು ಬಸುರಿ ರೆನೀರಾಗೆ ಸಮುದ್ರದಾಚೆ ಸುದ್ದಿ ಮುಟ್ಟೋದು ಎಲ್ಲಾ ಮುಗಿದ ಮೇಲೆ.

ಸೀರಿಯಲ್‌ನಲ್ಲಿ ಸಾಯೋ ಮುಂಚೆ ವಿಸೇರಿಸ್ ಮಂಪರಿನಲ್ಲಿ ಹಳೇ ಏಗಾನ್‌ನ ಕನಸಿನ ಬಗ್ಗೆ ಏನೋ ಬಡಬಡಿಸ್ತಾನೆ, ಅಲಿಸೆಂಟ್ ಅದನ್ನ ತನ್ನ ಮಗ ಏಗಾನ್ ಅಂತ ತಿಳ್ಕೊಳ್ತಾಳೆ. ಬಹಳ ಜನಕ್ಕೆ ಅದು ಸಿಲ್ಲಿ ಅನಿಸ್ತು. ನನಗೆ ಹಾಗನಿಸಲಿಲ್ಲ. ಒಂದು ದೇಶದ ಉತ್ತರಾಧಿಕಾರ ಒಬ್ಬ ಮುದುಕನ ತೊದಲು ಮಾತಿನ ಮೇಲೆ ನಿಂತಿದ್ರೆ ಕೇಳಿಸ್ಕೊಂಡವರು ತಮಗೆ ಬೇಕಾದ್ದನ್ನೇ ಕೇಳಿಸ್ಕೊಳ್ತಾರೆ.

6/9

ಬಿಕಾಂ ಮಕ್ಕಳೇ, ಈ ಕಥೆಯಲ್ಲಿ ನಮ್ಮ ಕಡೆಯೋನು ಒಬ್ಬ ಇದ್ದಾನೆ, ಯಾರೂ ಅವನಿಗೆ ರೀಲ್ಸ್ ಮಾಡಲ್ಲ. ಲೈಮನ್ ಬೀಸ್ಬರಿ. ಖಜಾಂಚಿ. ವಯಸ್ಸಾದ, ಸಭೆಯಲ್ಲಿ ತೂಕಡಿಸೋ ಮುದುಕ.

ವಿಸೇರಿಸ್ ಸತ್ತ ರಾತ್ರಿ ಮುಚ್ಚಿದ ಬಾಗಿಲ ಹಿಂದೆ ಮೀಟಿಂಗ್. ಏಗಾನ್‌ಗೆ ಪಟ್ಟ ಕಟ್ಟೋದು ಅಂತ ಮಾತು ಬಂದಾಗ “ಇದು ಕಳ್ಳತನ, ನಾವೆಲ್ಲ ಆಣೆ ಮಾಡಿದ್ದೀವಿ” ಅನ್ನೋ ಅರ್ಥದಲ್ಲಿ ಎದ್ದು ನಿಂತವನು ಅವನೊಬ್ಬನೇ. ಆ ಯುದ್ಧದ ಮೊದಲ ಹೆಣವೂ ಅವನದೇ. ಸೀರಿಯಲ್‌ನಲ್ಲಿ ಕ್ರಿಸ್ಟನ್ ಕೋಲ್ ಅವನನ್ನ ಕುರ್ಚಿಗೆ ಅದುಮಿ ತಲೆ ಮೇಜಿಗೆ ಬಡಿಸ್ತಾನೆ. ಹೇಗೆ ಸತ್ತ ಅನ್ನೋದಕ್ಕೆ ಪುಸ್ತಕದಲ್ಲಿ ಬೇರೆ ಬೇರೆ ವರದಿ ಇವೆ, ಸತ್ತಿದ್ದರಲ್ಲಿ ಅನುಮಾನ ಇಲ್ಲ. ಲೆಕ್ಕ ಇಡೋನು ಪ್ರಾಮಾಣಿಕ ಆಗಿದ್ರೆ ಮೊದಲು ಹೋಗೋದು ಅವನೇ. (ಸಿಎ ಮಾಡ್ತೀನಿ ಅಂತಿರೋರು ಯೋಚನೆ ಮಾಡಿ.)

ಆಮೇಲೆ ಗ್ರೀನ್‌ನವರು ಮಾಡಿದ ಅತೀ ಜಾಣ ಕೆಲಸ ಖಜಾನೆಯದ್ದು. ಹೊಸ ಖಜಾಂಚಿ ಟೈಲ್ಯಾಂಡ್ ಲ್ಯಾನಿಸ್ಟರ್ ರಾಜಭಂಡಾರವನ್ನ ನಾಲ್ಕು ಪಾಲು ಮಾಡ್ದ. ಒಂದು ಪಾಲು ಬ್ರಾವೋಸ್‌ನ ಐರನ್ ಬ್ಯಾಂಕಿಗೆ, ಒಂದು ತಮ್ಮ ಮನೆತನದ ಕ್ಯಾಸ್ಟರ್ಲಿ ರಾಕ್‌ಗೆ, ಒಂದು ಹೈಟವರ್‌ಗಳ ಓಲ್ಡ್‌ಟೌನ್‌ಗೆ. ಉಳಿದದ್ದು ಲಂಚಕ್ಕೆ, ಬಾಡಿಗೆ ಸೈನಿಕರಿಗೆ. 130ರಲ್ಲಿ ರೆನೀರಾ ರಾಜಧಾನಿ ಗೆದ್ದು ಸಿಂಹಾಸನದ ಮೇಲೆ ಕೂತಾಗ ಭಂಡಾರ ಖಾಲಿ. ಯುದ್ಧ ನಡೀತಿದೆ, ದುಡ್ಡು ಬೇಕು. ಅವಳ ಖಜಾಂಚಿ ತೆರಿಗೆ ಮೇಲೆ ತೆರಿಗೆ ಹಾಕ್ದ. ಊರಿನ ಬಡವರು ತಿರುಗಿ ಬಿದ್ರು, ಡ್ರ್ಯಾಗನ್‌ಗಳನ್ನ ಕೂಡಿಟ್ಟಿದ್ದ ಜಾಗಕ್ಕೇ ನುಗ್ಗಿದ್ರು. ಅವಳು ತಪ್ಪಿಸ್ಕೊಂಡು ಓಡಬೇಕಾಯ್ತು, ಕೊನೆಗೆ ತಮ್ಮನ ಡ್ರ್ಯಾಗನ್‌ಗೇ ಆಹಾರ ಆದ್ಳು. ರಾಣಿಯಾಗಿ ರಾಜಧಾನಿ ಆಳಿದ್ದು ವರ್ಷ ಕೂಡ ಇಲ್ಲ. “ನೋಡಿ, ಹೆಣ್ಣು ಆಳಿದ್ರೆ ಹೀಗೇ” ಅಂತ ಆಮೇಲಿನವರು ಹೇಳಿದ್ರು. ಖಾಲಿ ಪೆಟ್ಟಿಗೆ ಕೊಟ್ಟು ವ್ಯಾಪಾರ ಮಾಡೋಕೆ ಬರಲ್ಲ ಅಂದ ಹಾಗೆ.

ಇದು ಮಾರ್ಟಿನ್ ಗಾಳಿಯಲ್ಲಿ ಕಟ್ಟಿದ್ದಲ್ಲ. ಇಂಗ್ಲೆಂಡಿನ ಚರಿತ್ರೆಯಲ್ಲೇ ನಡೆದಿದೆ. ಮೊದಲನೇ ಹೆನ್ರಿಯ ಒಬ್ಬನೇ ಸಕ್ರಮ ಮಗ 1120ರಲ್ಲಿ ‘ವೈಟ್ ಶಿಪ್’ ಹಡಗು ಮುಳುಗಿ ಸತ್ತ. ರಾಜ 1127ರಲ್ಲಿ ಮಗಳು ಮಟಿಲ್ಡಾ ಪರವಾಗಿ ಸಾಮಂತರ ಕೈಲಿ ಆಣೆ ಮಾಡಿಸ್ದ. 1135ರಲ್ಲಿ ಅವನು ಸತ್ತಾಗ ಮಟಿಲ್ಡಾ ಇದ್ದದ್ದು ಫ್ರಾನ್ಸ್ ಕಡೆ. ಆಣೆ ಮಾಡಿದವರಲ್ಲಿ ಒಬ್ಬನಾದ ಅವಳ ಸೋದರ ಸಂಬಂಧಿ ಸ್ಟೀಫನ್ ಸಮುದ್ರ ದಾಟಿ ಲಂಡನ್‌ಗೆ ಬಂದ, ಅಲ್ಲಿಂದ ನೇರ ವಿಂಚೆಸ್ಟರ್‌ಗೆ. ಯಾಕೆ ವಿಂಚೆಸ್ಟರ್? ರಾಜಭಂಡಾರ ಇದ್ದದ್ದು ಅಲ್ಲಿ. ಅಲ್ಲಿನ ಬಿಷಪ್ ಬೇರೆ ಅವನ ತಮ್ಮ. ಡಿಸೆಂಬರ್ ಮುಗಿಯೋ ಮುಂಚೆ ಕಿರೀಟ ಇವನ ತಲೆ ಮೇಲೆ. ಆಮೇಲೆ 1153ರವರೆಗೆ ಅಂತರ್ಯುದ್ಧ. ಕೊನೆಗೆ ಸ್ಟೀಫನ್ ನಂತರ ಪಟ್ಟ ಹೋಗಿದ್ದು ಮಟಿಲ್ಡಾಳ ಮಗನಿಗೆ. ವೆಸ್ಟರೋಸ್‌ನಲ್ಲೂ ಅಷ್ಟೇ. 131ರಲ್ಲಿ ಎರಡನೇ ಏಗಾನ್‌ಗೆ ವಿಷ ಬಿತ್ತು, ಆಮೇಲೆ ರಾಜ ಆಗಿದ್ದು ರೆನೀರಾಳ ಪುಟ್ಟ ಮಗ ಮೂರನೇ ಏಗಾನ್. ಅಷ್ಟೆಲ್ಲಾ ಸುಟ್ಟು ಕೊನೆಗೆ ಅಲ್ಲಿಗೇ ಬಂತು.

7/9

ಈಗ ಒಂದು ವಿಷಯ ಹೇಳ್ಲೇಬೇಕು, ಇದು ಸೀರಿಯಲ್ ಜಗಳ ಅಷ್ಟೇ ಅಲ್ಲ ಅಂತ ನನಗೆ ಅನಿಸೋದು ಇದಕ್ಕೇ.

ಏಗಾನ್‌ಗೆ ಪಟ್ಟ ಕಟ್ಟಿ ಆದ್ಮೇಲೆ ಗ್ರೀನ್‌ನವರು ಡ್ರ್ಯಾಗನ್‌ಸ್ಟೋನ್‌ಗೆ ರಾಜಿ ಪತ್ರ ಕಳಿಸ್ತಾರೆ. ನೀನು ತಮ್ಮನನ್ನ ರಾಜ ಅಂತ ಒಪ್ಕೋ. ಬದಲಿಗೆ ಡ್ರ್ಯಾಗನ್‌ಸ್ಟೋನ್ ನಿನಗೇ ಇರ್ಲಿ, ನಿನ್ನ ನಂತರ ನಿನ್ನ ದೊಡ್ಡ ಮಗನಿಗೆ. ಲೂಸೆರಿಸ್‌ಗೆ ಡ್ರಿಫ್ಟ್‌ಮಾರ್ಕ್. ಚಿಕ್ಕ ಮಕ್ಕಳಿಗೆ ಆಸ್ಥಾನದಲ್ಲಿ ಗೌರವದ ಕೆಲಸ. ಮನೆತನ ಒಡೀಬಾರದಲ್ವಾ, ಜಗಳ ಯಾಕೆ.

ಇದನ್ನ ನೋಡ್ತಾ ನನಗೆ ಬಾಯಿಗೆ ಬಂದ ಪದ ಒಂದೇ. ಹಕ್ಕು ಬಿಡುಗಡೆ ಪತ್ರ.

ನಮ್ಮ ಸೋದರತ್ತೆ, ಅಂದ್ರೆ ಅಪ್ಪನ ಅಕ್ಕ, ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ಅಂಥದ್ದಕ್ಕೆ ಸಹಿ ಹಾಕಿದ್ರು. ತಾತ ಬದುಕಿದ್ದಾಗ “ದೊಡ್ಡವಳಿಗೆ ಕೊಟ್ಟೇ ಕೊಡ್ತೀನಿ” ಅಂತ ಹಬ್ಬಕ್ಕೆ ಬಂದಾಗೆಲ್ಲ ಅಂತಿದ್ರಂತೆ. ಎಲ್ಲೂ ಬರೆದಿಡಲಿಲ್ಲ. ಸಹಿ ಹಾಕಿದ ದಿನ ಅತ್ತೆಗೆ ಸೀರೆ, ಅರಿಶಿನ ಕುಂಕುಮ, ಹೋಟೆಲ್ ಊಟ. ತವರು ಬೇಕು ಅಂದ್ರೆ ಸಹಿ ಹಾಕ್ಬೇಕು ಅಂತ ಯಾರೂ ಬಾಯಿ ಬಿಟ್ಟು ಹೇಳಲ್ಲ. ಹೇಳೋ ಅಗತ್ಯ ಇರಲ್ಲ. ಅವರು ಈಗಲೂ ಗೌರಿ ಹಬ್ಬಕ್ಕೆ ಬರ್ತಾರೆ, ಬಾಗಿನ ತಗೊಂಡು ಹೋಗ್ತಾರೆ.

ಇದನ್ನ ಓದಿ “ನೋಡು, ಕಾನೂನು ಬರೆದಿದ್ರೂ ಏನೂ ಆಗ್ಲಿಲ್ಲ, ನಿನ್ನ ವಾದ ಬಿತ್ತು” ಅಂತ ನೀವು ಹೇಳ್ಬಹುದು. ಕರ್ನಾಟಕದಲ್ಲಿ 1994ರಿಂದಲೇ, ಆಗ ಮದುವೆ ಆಗಿರದ ಹೆಣ್ಣು ಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಇದೆ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ತಿದ್ದುಪಡಿ ಆಗಿ ಇಡೀ ದೇಶಕ್ಕೆ ಬಂತು, ಮದುವೆ ಆದವಳು ಆಗದವಳು ಅನ್ನೋ ಭೇದ ಹೋಯ್ತು. 2005ಕ್ಕಿಂತ ಮುಂಚೆ ಅಪ್ಪ ತೀರಿಕೊಂಡಿದ್ರೂ ಮಗಳ ಹಕ್ಕು ಹೋಗಲ್ಲ ಅಂತ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳ್ತು. ಇಷ್ಟಿದ್ರೂ ಅತ್ತೆ ಸಹಿ ಹಾಕಿದ್ರು ನಿಜ.

ಆದ್ರೆ ಒಂದು ವ್ಯತ್ಯಾಸ ನೋಡಿ. ಬರೆದ ಕಾನೂನು ಇದ್ದದ್ದಕ್ಕೇ ಅವರ ಸಹಿ ಬೇಕಾಯ್ತು. ಅದಕ್ಕೇ ಮನೆ ಬಾಗಿಲಿಗೆ ಬಂದು ಕೇಳಬೇಕಾಯ್ತು, ಆಟೋ ಮಾಡಿ ಕರ್ಕೊಂಡು ಹೋಗಬೇಕಾಯ್ತು. ಅವರು ಅವತ್ತು “ಹಾಕಲ್ಲ” ಅಂದಿದ್ರೆ ಆ ಕೆಲಸ ಅಲ್ಲೇ ನಿಲ್ತಿತ್ತು. ನಾಳೆ ಇನ್ನೊಬ್ಬ ಮಗಳು ಹಾಕಲ್ಲ ಅಂದಾಗ ನಿಲ್ಲುತ್ತೆ. ರೆನೀರಾ ಹತ್ರ ಗ್ರೀನ್‌ನವರು ಮೊದಲು ಪಟ್ಟ ಕಟ್ಟಿ ಆಮೇಲೆ ಒಪ್ಪಿಗೆ ಕೇಳೋಕೆ ಬಂದ್ರು. ಅವಳು ಇಲ್ಲ ಅಂದ್ರೆ ನಿಲ್ಲೋದು ಅಂತ ಏನೂ ಇರಲಿಲ್ಲ. ಇಲ್ಲ ಅನ್ನೋಕೆ ಅವಳ ಹತ್ರ ಇದ್ದದ್ದು ಡ್ರ್ಯಾಗನ್ ಮಾತ್ರ.

8/9

ಬೇಗ ಬೇಗ ಎರಡು ಮಾತು.

ವೆಸ್ಟರೋಸ್‌ನಲ್ಲೇ ದಕ್ಷಿಣಕ್ಕೆ ಡೋರ್ನ್ ಇದೆ. ಅಲ್ಲಿ ಮೊದಲು ಹುಟ್ಟಿದ ಮಗುವಿಗೆ ಹಕ್ಕು, ಗಂಡೋ ಹೆಣ್ಣೋ ಕೇಳಲ್ಲ. ಡೋರ್ನ್ ಸ್ವರ್ಗ ಅಂತ ಅಲ್ಲ, ಅಲ್ಲೂ ಅಪ್ಪ ತನ್ನ ಪಾಲನ್ನ ತಮ್ಮನಿಗೆ ಕೊಡ್ತಾನೇನೋ ಅಂತ ರಾಜಕುಮಾರಿ ಅರಿಯಾನ್ ಅನುಮಾನ ಪಟ್ಟು ಎಡವಟ್ಟು ಮಾಡ್ಕೊಳ್ತಾಳೆ. ಆದ್ರೆ ಅವಳಿಗೆ ಏನು ತಪ್ಪಿಹೋಗ್ತಿದೆ ಅಂತ ಹೇಳೋಕೆ ಒಂದು ಅಳತೆಗೋಲು ಇದೆ. ಅಂದ್ರೆ ಇಂಥ ನಿಯಮ ಪಕ್ಕದಲ್ಲೇ ಇತ್ತು, ಟಾರ್ಗೇರಿಯನ್‌ಗಳಿಗೆ ಗೊತ್ತಿತ್ತು. ಕಾಲ ಹಾಗಿತ್ತು ಅನ್ನೋ ನೆಪ ನಡಿಯಲ್ಲ.

ನಿಜವಾದ ರಾಜಮನೆತನಗಳಲ್ಲಿ ಇದನ್ನ ಹೇಗೆ ಬದಲಾಯಿಸಿದ್ರು ಅಂತ ನೋಡಿದ್ರೆ ಬೋರಿಂಗ್ ಆಗಿದೆ, ಅದೇ ಅದರ ಚಂದ. ಸ್ವೀಡನ್‌ನಲ್ಲಿ 1979ರ ಮೇನಲ್ಲಿ ರಾಜನಿಗೆ ಗಂಡು ಮಗು ಹುಟ್ತು, ಹುಟ್ಟಿದ ಕೂಡ್ಲೇ ಯುವರಾಜ. ಅಕ್ಕ ವಿಕ್ಟೋರಿಯಾ ಇದ್ದಳು, ಲೆಕ್ಕಕ್ಕಿಲ್ಲ. 1980ರ ಜನವರಿ 1ಕ್ಕೆ ಹೊಸ ನಿಯಮ ಜಾರಿಗೆ ಬಂತು, ಹಿರಿಯ ಮಗುವಿಗೇ ಹಕ್ಕು. ತೊಟ್ಟಿಲಲ್ಲಿದ್ದ ಯುವರಾಜ ಕೆಳಗಿಳಿದ, ಅಕ್ಕ ಮೇಲೆ. ರಾಜನಿಗೆ ಈ ಬದಲಾವಣೆ ಇಷ್ಟ ಇರಲಿಲ್ಲ. ಆದ್ರೂ ಆಯ್ತು, ಯಾಕಂದ್ರೆ ಮಾಡಿದ್ದು ಸಂಸತ್ತು. ಬ್ರಿಟನ್‌ನವರು 2013ರಲ್ಲಿ ಕಾಯ್ದೆ ಮಾಡಿ 2011ರ ಅಕ್ಟೋಬರ್ 28ರ ನಂತರ ಹುಟ್ಟಿದವರಿಗೆ ಗಂಡು ಹೆಣ್ಣು ಭೇದ ತೆಗೆದ್ರು. ಯಾರೂ ಡ್ರ್ಯಾಗನ್ ಹತ್ತಲಿಲ್ಲ.

9/9

ಯುದ್ಧ ಆದ್ಮೇಲಾದ್ರೂ ವೆಸ್ಟರೋಸ್ ಬರೆದಿಡ್ತಾ? ಇಲ್ಲ. ಪಾಠ ಕಲಿತರು, ಉಲ್ಟಾ ಪಾಠ. ಎಲ್ಲಾ ಗಂಡಸರು ಮುಗಿದ ಮೇಲೆ ಹೆಂಗಸರ ಸರದಿ ಅನ್ನೋ ಹಾಗೆ ನಡ್ಕೊಂಡ್ರು. ಅದನ್ನೂ ಬಾಯಿಮಾತಲ್ಲೇ.

ಮೂರನೇ ಏಗಾನ್, ಅಂದ್ರೆ ಅಮ್ಮನನ್ನ ಡ್ರ್ಯಾಗನ್ ತಿನ್ನೋದನ್ನ ಕಣ್ಣಾರೆ ನೋಡಿದ ಹುಡುಗ, 157ರಲ್ಲಿ ಸತ್ತ. ಅವನ ಇಬ್ಬರು ಗಂಡು ಮಕ್ಕಳು ಒಬ್ಬರ ನಂತರ ಒಬ್ಬರು ಆಳಿ, ಮಕ್ಕಳಿಲ್ಲದೆ ಹೋದ್ರು. 171ರಲ್ಲಿ ಎರಡನೆಯವನು ಬೇಲಾರ್ ಸತ್ತಾಗ ಉಳಿದಿದ್ದು ಮೂರು ಜನ ಅಕ್ಕತಂಗಿಯರು. ದೊಡ್ಡವಳು ಡೇನಾ. ಗಟ್ಟಿಗಿತ್ತಿ, ಕುದುರೆ ಸವಾರಿ, ಬಿಲ್ಲುಗಾರಿಕೆ ಎಲ್ಲಾ ಗೊತ್ತು. ರೆನೀರಾಳ ಸ್ವಂತ ಮೊಮ್ಮಗಳು. ಅವಳು ಎಲ್ಲಿದ್ದಳು ಗೊತ್ತಾ? ದೈವಭಕ್ತ ಅಣ್ಣ ಬೇಲಾರ್ ಹೆಂಗಸರ ಮುಖ ನೋಡಿದ್ರೆ ತನಗೆ ಪಾಪ ಬರುತ್ತೆ ಅಂತ ಮೂವರನ್ನೂ ಅರಮನೆಯ ಒಂದು ಕಟ್ಟಡದಲ್ಲಿ ಕೂಡಿ ಹಾಕಿದ್ದ. ವರ್ಷಗಟ್ಟಲೆ. ಹಾಗಾಗಿ ಅವಳಿಗೆ ಆಸ್ಥಾನದಲ್ಲಿ ಒಬ್ಬ ಬೆಂಬಲಿಗನೂ ಇಲ್ಲ, ಅವಳ ಮುಖವೇ ಯಾರಿಗೂ ನೆನಪಿಲ್ಲ. ಕಿರೀಟ ಹೋಗಿದ್ದು ಚಿಕ್ಕಪ್ಪ ಎರಡನೇ ವಿಸೇರಿಸ್‌ಗೆ. ಅಣ್ಣನ ಕಾಲದಿಂದ ಮಹಾಮಂತ್ರಿಯಾಗಿ ಎಲ್ಲಾ ಆಡಳಿತ ನಡೆಸ್ತಿದ್ದವನು ಅವನೇ. ಗಲ್ಲಾದಲ್ಲಿ ಕೂತಿದ್ದವನು.

ಟೀಮ್ ಬ್ಲ್ಯಾಕ್‌ನವರಿಗೂ ಒಂದು ಪ್ರಶ್ನೆ ಇದೆ ಇಲ್ಲಿ. ಇದು ರೆನೀರಾಳ ವಂಶ. ಗೆದ್ದವರು ಇವರೇ. ಅವಳ ಮಗ 26 ವರ್ಷ ಸಿಂಹಾಸನದ ಮೇಲಿದ್ದ. ಅಮ್ಮನಿಗೆ ಆಗಿದ್ದು ತನ್ನ ಹೆಣ್ಣು ಮಕ್ಕಳಿಗೆ ಆಗಬಾರದು ಅಂತ ಒಂದು ಸಾಲು ಬರೆದಿದ್ರೂ ಡೇನಾ ರಾಣಿ ಆಗ್ತಿದ್ದಳು. ಡೇನಾಳನ್ನ ದಾಟಿ ಕಿರೀಟ ಹಾಕ್ಕೊಂಡವನೂ ರೆನೀರಾಳ ಮಗನೇ, ಚಿಕ್ಕ ಮಗ.

ಕಾಮೆಂಟಲ್ಲಿ ಬ್ಲ್ಯಾಕ್, ಗ್ರೀನ್ ಹಾರ್ಟ್ ಹಾಕೋ ಮುಂಚೆ ಇದಕ್ಕೆ ಉತ್ತರ ಕೊಡಿ. 105ರಿಂದ 129ರ ನಡುವೆ ವಿಸೇರಿಸ್ ಇನ್ನೊಂದು ಮಹಾಸಭೆ ಕರೀಬೇಕಿತ್ತು ಅಂದ್ರೆ ಯಾವ ವರ್ಷ ಕರೀಬೇಕಿತ್ತು? ನನ್ನ ಲೆಕ್ಕದಲ್ಲಿ 107, ಏಗಾನ್ ಹುಟ್ಟಿದ ವಾರವೇ. ಹುಡುಗ ಇನ್ನೂ ತೊಟ್ಟಿಲಲ್ಲಿ, ಅವನ ಹಿಂದೆ ಯಾರೂ ಗುಂಪು ಕಟ್ಟಿರಲಿಲ್ಲ.